ಬ್ರಷ್ ಕಟರ್ ಸ್ಟಾರ್ಟ್ ಆಗ್ತಿಲ್ವಾ? ಹಗ್ಗ ಬಿಡಿ, ಮೊದಲು ಪ್ಲಗ್ ಬಿಚ್ಚಿ ನೋಡಿ

ಹುಲ್ಲು ಕತ್ತರಿಸೋ ಟೂ ಸ್ಟ್ರೋಕ್ ಮಷೀನ್ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಎಲ್ಲರೂ ಮಾಡೋ ಮೊದಲ ಕೆಲಸ ಹಗ್ಗ ಇನ್ನೂ ಜೋರಾಗಿ ಎಳೆಯೋದು, ಎರಡನೇದು ಚೋಕ್ ಹಾಕಿ ಎಳೆಯೋದು, ಮೂರನೇದು ಚೋಕ್ ತೆಗೆದು ಎಳೆಯೋದು, ಅಷ್ಟರಲ್ಲಿ ಭುಜ ಬಿದ್ದುಹೋಗಿರುತ್ತೆ, ಆಮೇಲೆ ಪಕ್ಕದಲ್ಲಿ ನಿಂತಿರೋ ಯಾರಾದ್ರೂ "ಕಾರ್ಬೊರೇಟರ್ ಬಿಚ್ಚಿ ತೊಳೀಬೇಕು ಬಿಡಿ" ಅಂತಾರೆ. ತಪ್ಪು ಕಾರ್ಬೊರೇಟರ್‌ದೇ ಇರಬಹುದು, ಸುಮಾರು ಸಲ ಅದರದ್ದೇ ಇರುತ್ತೆ ಕೂಡ, ಆದ್ರೆ ಅದನ್ನ ಬಿಚ್ಚೋ ಸರದಿ ಬರೋದು ತುಂಬಾ ಕೊನೆಗೆ. ಅದಕ್ಕೂ ಮುಂಚೆ ಐದು ನಿಮಿಷದಲ್ಲಿ ಗೊತ್ತಾಗೋ ವಿಷಯ ಒಂದಿದೆ. ಇಷ್ಟೊತ್ತು ಎಳೆದ ಮೇಲೆ ಪ್ಲಗ್, ಅಂದ್ರೆ ಇಂಜಿನ್ ಒಳಗೆ ಕಿಡಿ ಹಾರಿಸೋ ಸ್ಪಾರ್ಕ್ ಪ್ಲಗ್, ಬಿಚ್ಚಿದ್ರೆ ಅದರ ತುದಿ ಒದ್ದೆ ಇದ್ಯಾ, ಒಣಗಿದ್ಯಾ? ಮುಂದೆ ಯಾವ ಕಡೆ ಹುಡುಕಬೇಕು ಅನ್ನೋದು ಪೂರ್ತಿ ಈ ಒಂದು ಉತ್ತರದ ಮೇಲೆ ನಿಂತಿದೆ.

ಯಾಕೆ ಅಂತ ಗೊತ್ತಾಗೋಕೆ ಇಂಜಿನ್ ಒಳಗೆ ಏನಾಗುತ್ತೆ ಅಂತ ಸ್ವಲ್ಪ ತಿಳ್ಕೊಂಡಿರಬೇಕು. ಈ ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಕಾರಲ್ಲಿ ಇರೋ ಹಾಗೆ ಮೇಲೆ ವಾಲ್ವ್‌ಗಳಿಲ್ಲ, ಕೆಳಗೆ ಆಯಿಲ್ ತುಂಬೋ ಜಾಗಾನೂ ಇಲ್ಲ. ಪಿಸ್ಟನ್ ಮೇಲಕ್ಕೆ ಹೋದಾಗ ಅದರ ಕೆಳಗಿನ ಕ್ರ್ಯಾಂಕ್‌ಕೇಸ್‌ನಲ್ಲಿ ಎಳೆತ ಹುಟ್ಟಿ ಕಾರ್ಬೊರೇಟರ್ ಕಡೆಯಿಂದ ಗಾಳಿ, ಪೆಟ್ರೋಲ್, ಆಯಿಲ್ ಮೂರೂ ಬೆರೆತು ಒಳಗೆ ಬರುತ್ತೆ, ಪಿಸ್ಟನ್ ಕೆಳಗೆ ಇಳಿದಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಸಿಲಿಂಡರ್ ಗೋಡೆಯ ದಾರಿಯಿಂದ ಮೇಲೆ ಹೋಗುತ್ತೆ, ಮತ್ತೆ ಪಿಸ್ಟನ್ ಮೇಲೆ ಬಂದು ಅದನ್ನ ಅದುಮಿದಾಗ ಪ್ಲಗ್ ಕಿಡಿ ಹಾರಿಸುತ್ತೆ. ಹೊಗೆ ಹೊರಗೆ ಹೋಗೋ ದಾರಿ ತೆಗೆಯೋದು ಮುಚ್ಚೋದೂ ಪಿಸ್ಟನ್ನೇ. ಹಾಗಾಗಿ ಸ್ಟಾರ್ಟ್ ಆಗೋಕೆ ಬೇಕಿರೋದು ಸರಿಯಾದ ಪ್ರಮಾಣದಲ್ಲಿ ಪೆಟ್ರೋಲು ಗಾಳಿ, ಸರಿಯಾದ ಹೊತ್ತಿಗೆ ಕಿಡಿ, ಅದುಮೋಕೆ ಸಾಕಷ್ಟು ಕಂಪ್ರೆಷನ್, ಜೊತೆಗೆ ಹೊಗೆ ಹೋಗೋಕೆ ದಾರಿ. ಇದರಲ್ಲಿ ಯಾವುದು ಇಲ್ಲ ಅಂತ ಒಂದೊಂದಾಗಿ ತಳ್ಳಿಹಾಕ್ತಾ ಹೋದ್ರೆ ಮುಗೀತು. ಕಷ್ಟ ಆಗೋದು ನಾವು ಎಲ್ಲಾನೂ ಒಟ್ಟಿಗೆ ಬಿಚ್ಚಿದಾಗ ಮಾತ್ರ, ಯಾಕಂದ್ರೆ ಆಗ ಯಾವುದು ಹಳೇ ತೊಂದರೆ ಯಾವುದು ನಾವು ಹೊಸದಾಗಿ ಮಾಡಿಟ್ಟಿದ್ದು ಅಂತಾನೇ ಗೊತ್ತಾಗಲ್ಲ.

ಪ್ಲಗ್‌ಗೂ ಮುಂಚೆ, ಹೇಳೋಕೆ ನಾಚಿಕೆ ಆಗೋವಷ್ಟು ಸಣ್ಣ ವಿಷಯಗಳು. ಸ್ಟಾಪ್ ಸ್ವಿಚ್ ಆಫಲ್ಲಿ ಇದ್ಯಾ? ನಗಬೇಡಿ, ಹ್ಯಾಂಡಲ್ ಮೇಲಿರೋ ಆ ಸ್ವಿಚ್ ಮಷೀನ್ ಎತ್ತಿಡುವಾಗ ತಾನಾಗೇ ಜಾರುತ್ತೆ. ಪ್ರೈಮರ್ ಬಲ್ಬ್ ಅಂದ್ರೆ ಆ ಪಾರದರ್ಶಕ ರಬ್ಬರ್ ಗುಳ್ಳೆ, ಅದನ್ನ ಒಳಗೆ ಪೆಟ್ರೋಲ್ ಕಾಣೋವರೆಗೆ ಒತ್ತಿದ್ರಾ? ತಣ್ಣಗಿರೋ ಇಂಜಿನ್‌ಗೆ ಸಾಮಾನ್ಯ ಕ್ರಮ ಇದು: ಬಲ್ಬ್ ಏಳೆಂಟು ಸಲ ಒತ್ತಿ, ಚೋಕ್ ಪೂರ್ತಿ ಹಾಕಿ, ಹಗ್ಗ ಎಳೀರಿ, ಒಂದು ಸಲ "ಬುರ್" ಅಂತ ಕೆಮ್ಮಿ ನಿಲ್ಲುತ್ತೆ, ಆ ಕೆಮ್ಮು ಕೇಳಿದ ತಕ್ಷಣ ಚೋಕನ್ನ ಅರ್ಧಕ್ಕೆ ತರಬೇಕು, ಅರ್ಧ ಇಲ್ಲದ ಮಾಡೆಲ್ ಆದ್ರೆ ಪೂರ್ತಿ ತೆಗೀಬೇಕು, ಆಮೇಲೆ ಎಳೆದ್ರೆ ಓಡುತ್ತೆ. ಬಹಳ ಜನ ಆ ಕೆಮ್ಮನ್ನ ಗಮನಿಸೋದೇ ಇಲ್ಲ, ಚೋಕ್ ಹಾಕಿಕೊಂಡೇ ಎಳೀತಾ ಹೋಗ್ತಾರೆ, ಅಲ್ಲಿಗೆ ಒಳಗೆಲ್ಲಾ ಪೆಟ್ರೋಲ್ ತುಂಬಿ ಓವರ್ ಆಗುತ್ತೆ. ಬಿಸಿ ಇರೋ ಇಂಜಿನ್‌ಗೆ ಚೋಕೇ ಬೇಡ.

ಆಮೇಲೆ ಟ್ಯಾಂಕಲ್ಲಿರೋ ಪೆಟ್ರೋಲ್ ಯಾವಾಗಿಂದು ಅಂತ ನೆನಪು ಮಾಡ್ಕೊಳ್ಳಿ. ಆಯಿಲ್ ಬೆರೆಸಿದ ಪೆಟ್ರೋಲ್ ಒಂದು ತಿಂಗಳ ಮೇಲೆ ಇಟ್ಟಿದ್ರೆ ನಂಬೋ ಹಾಗಿಲ್ಲ. ಪೆಟ್ರೋಲ್‌ನಲ್ಲಿ ಬೇಗ ಆವಿ ಆಗೋ ಹಗುರ ಅಂಶಗಳೇ ಮೊದಲು ಹಾರಿಹೋಗೋದು, ತಣ್ಣಗಿರೋ ಇಂಜಿನ್ ಹತ್ತಿಕೊಳ್ಳೋಕೆ ಬೇಕಾಗಿರೋದೂ ಅವೇ. ಮತ್ತೆ ಎಥನಾಲ್ ಬೆರೆಸಿದ ಪೆಟ್ರೋಲ್ ಆದ್ರೆ ಅದು ಗಾಳಿಯಲ್ಲಿರೋ ತೇವ ಹೀರ್ಕೊಳ್ಳುತ್ತೆ, ಒಂದು ಮಟ್ಟ ದಾಟಿದ ಮೇಲೆ ನೀರೂ ಎಥನಾಲೂ ಸೇರಿ ಪೆಟ್ರೋಲಿಂದ ಬೇರೆ ಆಗಿ ಟ್ಯಾಂಕ್ ತಳಕ್ಕೆ ಕೂರುತ್ತೆ. ಫಿಲ್ಟರ್ ಬಿದ್ದಿರೋದೂ ತಳದಲ್ಲೇ ನೋಡಿ, ಅಂದ್ರೆ ಟ್ಯಾಂಕ್ ಮುಕ್ಕಾಲು ಪಾಲು ಚೆನ್ನಾಗೇ ಇದ್ರೂ ಇಂಜಿನ್ ಮೊದಲು ಕುಡಿಯೋದು ಆ ಕೆಳಗಿನ ನೀರನ್ನೇ. ಅನುಮಾನ ಇದ್ರೆ ಟ್ಯಾಂಕಿಂದ ಸ್ವಲ್ಪ ಗಾಜಿನ ಬಾಟಲಿಗೆ ಸುರಿದು ಅಲ್ಲಾಡಿಸದೆ ಇಟ್ಟು ಬೆಳಕಿಗೆ ಹಿಡೀರಿ, ಕೆಳಗೆ ಬೇರೆ ಪದರ ಕಂಡ್ರೆ ಅಥವಾ ವಾಸನೆ ಪೆಟ್ರೋಲ್ ಬದಲು ವಾರ್ನಿಷ್ ಥರ ಬಂದ್ರೆ ಪೂರ್ತಿ ಚೆಲ್ಲಿಬಿಡಿ, ಅಂದ್ರೆ ಚರಂಡಿಗೆ ಅಲ್ಲ, ಬೇರೆ ಡಬ್ಬಿಗೆ ತೆಗೆದಿಟ್ಟು ಸರಿಯಾಗಿ ವಿಲೇವಾರಿ ಮಾಡಿ. ಅರ್ಧ ಹಳೇದು ಅರ್ಧ ಹೊಸದು ಬೆರೆಸೋ ಉಳಿತಾಯ ಬೇಡ.

ಆಯಿಲ್ ಪ್ರಮಾಣ ಕೂಡ ಇಲ್ಲೇ ಹೇಳಿಬಿಡ್ತೀನಿ. 50:1 ಅಂದ್ರೆ ಲೀಟರ್‌ಗೆ 20 ಎಂಎಲ್, 40:1 ಅಂದ್ರೆ 25 ಎಂಎಲ್, 25:1 ಅಂದ್ರೆ 40 ಎಂಎಲ್. ನಿಮ್ಮ ಮಷೀನ್‌ಗೆ ಯಾವುದು ಅನ್ನೋದು ಮ್ಯಾನ್ಯುಯಲ್‌ನಲ್ಲಿ ಇರುತ್ತೆ, ಟ್ಯಾಂಕ್ ಹತ್ರ ಸ್ಟಿಕ್ಕರ್ ಮೇಲೂ ಇರಬಹುದು. ಟೂ ಸ್ಟ್ರೋಕ್ ಆಯಿಲ್ಲೇ ಆಗಬೇಕು, ಕಾರಿಗೆ ಹಾಕೋ ಇಂಜಿನ್ ಆಯಿಲ್ ಅಲ್ಲ. "ಇರಲಿ ಅಂತ ಒಂದಿಷ್ಟು ಜಾಸ್ತಿ ಹಾಕ್ದೆ" ಅನ್ನೋರು ಸಿಗ್ತಾರೆ, ಜಾಸ್ತಿ ಆಯಿಲ್ ಪ್ಲಗ್‌ಗೆ ಮಸಿ ಹಿಡಿಸುತ್ತೆ, ಸೈಲೆನ್ಸರ್‌ಗೆ ಕಾರ್ಬನ್ ಕಟ್ಟಿಸುತ್ತೆ, ಇಂಜಿನ್‌ಗೆ ಅದರಿಂದ ಲಾಭ ಇಲ್ಲ. ಕಮ್ಮಿ ಹಾಕಿದ್ರೆ ಏನಾಗುತ್ತೆ ಅನ್ನೋದು ಕಂಪ್ರೆಷನ್ ಮಾತು ಬಂದಾಗ ಹೇಳ್ತೀನಿ, ಅದು ದುಬಾರಿ ಕಥೆ.

ಈಗ ಪ್ಲಗ್. ಇಂಜಿನ್ ತಣ್ಣಗಿರಲಿ, ಸುತ್ತಮುತ್ತ ಬೆಂಕಿ ಸಿಗರೇಟ್ ಏನೂ ಬೇಡ, ಬಯಲಲ್ಲಿ ಕೂತು ಮಾಡಿ, ಕಟ್ಟರ್ ಹೆಡ್ ಕಡೆ ಯಾರೂ ನಿಲ್ಲೋದು ಬೇಡ. ಬಿಚ್ಚೋಕೆ ಮುಂಚೆ ಪ್ಲಗ್ ಸುತ್ತ ಇರೋ ಮಣ್ಣು ಹುಲ್ಲಿನ ಪುಡಿ ಬ್ರಷ್ ಹಾಕಿ ತೆಗೀರಿ, ಇಲ್ಲಾಂದ್ರೆ ಬಿಚ್ಚಿದ ತಕ್ಷಣ ಅದೆಲ್ಲ ಸಿಲಿಂಡರ್ ಒಳಗೆ. ಕ್ಯಾಪ್ ಎಳೆಯುವಾಗ ವೈರ್ ಹಿಡಿದು ಎಳೀಬೇಡಿ, ಕ್ಯಾಪನ್ನೇ ಹಿಡೀರಿ. ತುದಿ ನೋಡಿ. ತಿಳಿ ಕಂದು ಬಣ್ಣ ಅಂದ್ರೆ ಇಲ್ಲೀತನಕ ಚೆನ್ನಾಗೇ ಉರೀತಿತ್ತು. ಕರೀ ಒಣ ಮಸಿ ಅಂದ್ರೆ ಪೆಟ್ರೋಲ್ ಜಾಸ್ತಿ ಆಗ್ತಿದೆ, ಏರ್ ಫಿಲ್ಟರ್ ಕಟ್ಟಿರಬಹುದು. ಜಿಡ್ಡು ಜಿಡ್ಡಾಗಿ ಕಪ್ಪಗಿದ್ರೆ ಆಯಿಲ್ ಜಾಸ್ತಿ. ಆದ್ರೆ ಇವತ್ತಿನ ಪ್ರಶ್ನೆಗೆ ಬಣ್ಣಕ್ಕಿಂತ ಮುಖ್ಯ ಅದು ಈಗ ಪೆಟ್ರೋಲಿಂದ ಒದ್ದೆ ಆಗಿದ್ಯಾ ಅನ್ನೋದು, ಬೆರಳಿಗೆ ತಾಗಿಸಿ, ಮೂಸಿ ನೋಡಿ.

ಒದ್ದೆ ಇದ್ರೆ ಪೆಟ್ರೋಲ್ ಬರ್ತಿದೆ, ಉರೀತಿಲ್ಲ. ಅಂದ್ರೆ ಕಾರ್ಬೊರೇಟರ್ ಬಿಚ್ಚೋ ಯೋಚನೆ ಸದ್ಯಕ್ಕೆ ಬಿಡಿ. ಮೊದಲು ಓವರ್ ಆಗಿರೋದನ್ನ ಕಳೀಬೇಕು. ಪ್ಲಗ್ ಹೊರಗಿಟ್ಟು, ಸ್ವಿಚ್ ಆಫ್ ಮಾಡಿ, ಕ್ಯಾಪ್ ಆ ತೂತಿಂದ ದೂರ ಸರಿಸಿಟ್ಟು, ಚೋಕ್ ತೆಗೆದು, ಎಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು, ಪ್ಲಗ್ ತೂತು ನಿಮ್ಮ ಮುಖದ ಕಡೆ ಇಲ್ಲದ ಹಾಗೆ ಮಷೀನ್ ಓರೆ ಮಾಡಿ ಹಗ್ಗ ಆರೇಳು ಸಲ ಎಳೀರಿ. ಒಳಗಿನ ಹೆಚ್ಚುವರಿ ಪೆಟ್ರೋಲ್ ತುಂತುರಾಗಿ ಹೊರಗೆ ಬರುತ್ತೆ. ಹತ್ತು ನಿಮಿಷ ಹಾಗೇ ಬಿಟ್ಟು, ಪ್ಲಗ್ ಒರೆಸಿ ಒಣಗಿಸಿ ವಾಪಸ್ ಹಾಕಿ, ಚೋಕ್ ಇಲ್ಲದೆ ಎಕ್ಸಲರೇಟರ್ ಒತ್ತಿಕೊಂಡೇ ಎಳೀರಿ. ಸುಮಾರು ಮಷೀನ್‌ಗಳು ಇಲ್ಲೇ ಹೊಗೆ ಕಾರ್ತಾ ಎದ್ದುಬಿಡ್ತವೆ, ಮೆಕ್ಯಾನಿಕ್ ಹತ್ರ ಹೋಗಿದ್ರೆ ಅವರೂ ಮೊದಲು ಮಾಡ್ತಿದ್ದಿದ್ದು ಇದನ್ನೇ.

ಏಳಲಿಲ್ಲ ಅಂದ್ರೆ ಕರೆಂಟ್ ಬರ್ತಿದ್ಯಾ ಅಂತ ನೋಡ್ಬೇಕು. ಪ್ಲಗ್‌ನ ಕ್ಯಾಪ್‌ಗೆ ಸಿಕ್ಕಿಸಿ ಅದರ ಲೋಹದ ಮೈಯನ್ನ ಇಂಜಿನ್‌ನ ಬಣ್ಣ ಇಲ್ಲದ ಲೋಹಕ್ಕೆ ಒತ್ತಿ ಹಿಡಿದು, ಸ್ವಿಚ್ ಆನ್ ಮಾಡಿ ಹಗ್ಗ ಎಳೆದು ನೋಡೋದು. ಎರಡು ಎಚ್ಚರಿಕೆ ಇದೆ ಇಲ್ಲಿ. ಪ್ಲಗ್ ತೂತಿಂದ ಈಗಷ್ಟೇ ಪೆಟ್ರೋಲ್ ಆವಿ ಬಂದಿದೆ, ಅದರ ಪಕ್ಕದಲ್ಲೇ ಕಿಡಿ ಹಾರಿಸಬೇಡಿ, ತೂತಿಗೆ ಬಟ್ಟೆ ತುರುಕಿ ಪ್ಲಗ್ ಆದಷ್ಟು ದೂರ ಹಿಡೀರಿ. ಇನ್ನೊಂದು, ಬರಿಗೈಲಿ ಪ್ಲಗ್ ಹಿಡೀಬೇಡಿ, ಸಾವಿರಾರು ವೋಲ್ಟ್ ಅದು, ರಬ್ಬರ್ ಹಿಡಿ ಇರೋ ಇಕ್ಕಳದಲ್ಲಿ ಹಿಡೀರಿ. ನೆರಳಲ್ಲಿ ನೋಡಿದ್ರೆ ನೀಲಿ ಬಣ್ಣದ ಗಟ್ಟಿ ಕಿಡಿ ಕಾಣಬೇಕು. ಬಡಕಲು ಕೆಂಪು ಹಳದಿ ಕಿಡಿ ಆದ್ರೆ ಅಷ್ಟು ನಂಬಬೇಡಿ, ಯಾಕಂದ್ರೆ ಬಯಲಲ್ಲಿ ಹಾರೋ ಕಿಡಿ ಸಿಲಿಂಡರ್ ಒಳಗಿನ ಒತ್ತಡದಲ್ಲಿ ಹಾರಲೇಬೇಕು ಅಂತೇನಿಲ್ಲ. ಇದೇ ಕಾರಣಕ್ಕೆ ನನ್ನ ಪ್ರಕಾರ ಪ್ಲಗ್ ಮೇಲೆ ತಲೆ ಕೆಡಿಸಿಕೊಳ್ಳೋದಕ್ಕಿಂತ ಹೊಸದೊಂದು ಹಾಕಿ ನೋಡೋದೇ ವಾಸಿ, ಇಡೀ ಮಷೀನ್‌ನಲ್ಲಿ ಅಗ್ಗದ ವಸ್ತು ಅದು. ಪ್ಲಗ್ ತುದಿಯಲ್ಲಿ ಕಿಡಿ ಹಾರೋ ಗ್ಯಾಪ್ ಸಾಮಾನ್ಯವಾಗಿ 0.6 ರಿಂದ 0.7 ಮಿಲಿಮೀಟರ್. ಹೊಸ ಪ್ಲಗ್ ಹಾಕುವಾಗ ಮೊದಲು ಬರೀ ಬೆರಳಲ್ಲೇ ತಿರುಗಿಸಿ ಕೂರಿಸಿ, ಸ್ಪ್ಯಾನರ್ ಕೊನೆಗೆ ಬಿಗಿ ಮಾಡೋಕೆ ಮಾತ್ರ, ಸಿಲಿಂಡರ್ ಹೆಡ್ ಅಲ್ಯೂಮಿನಿಯಂ ಆಗಿರೋದ್ರಿಂದ ಥ್ರೆಡ್ ಹೋದ್ರೆ ಪ್ಲಗ್ಗಿನ ಕೆಲಸ ಹೋಗಿ ಹೆಡ್ಡಿನ ಕೆಲಸ ಆಗುತ್ತೆ.

ಹೊಸ ಪ್ಲಗ್‌ಗೂ ಕಿಡಿ ಇಲ್ಲ ಅಂದ್ರೆ ತಕ್ಷಣ ಪ್ಲಗ್‌ಗೆ ಕರೆಂಟ್ ಕೊಡೋ ಕಾಯಿಲ್ ತರೋಕೆ ಓಡಬೇಡಿ. ಈ ಮಷೀನ್‌ಗಳಲ್ಲಿ ಬ್ಯಾಟರಿ ಇಲ್ಲ, ಇಂಜಿನ್ ಜೊತೆ ತಿರುಗೋ ಫ್ಲೈವೀಲ್ ಅನ್ನೋ ಚಕ್ರಕ್ಕೆ ಕೂರಿಸಿರೋ ಆಯಸ್ಕಾಂತ ಕಾಯಿಲ್ ಮುಂದೆ ಹಾದುಹೋದಾಗಲೇ ಕರೆಂಟ್ ಹುಟ್ಟೋದು. ಸ್ಟಾಪ್ ಸ್ವಿಚ್ ಮಾಡೋ ಕೆಲಸ ಒಂದೇ, ಕಾಯಿಲಿಂದ ಬರೋ ಒಂದು ತೆಳು ವೈರನ್ನ ಬಾಡಿಗೆ ಅರ್ಥ್ ಮಾಡೋದು, ಅರ್ಥ್ ಆದ್ರೆ ಕಿಡಿ ನಿಲ್ಲುತ್ತೆ. ಹಾಗಾಗಿ ಆ ವೈರ್ ಎಲ್ಲೋ ಉಜ್ಜಿ ಸಿಪ್ಪೆ ಹೋಗಿ ಪೈಪಿಗೆ ತಾಗಿದ್ರೂ ಸ್ವಿಚ್ ಸದಾ ಆಫಲ್ಲೇ ಇದ್ದ ಹಾಗೆ. ವೈರ್ ಹ್ಯಾಂಡಲ್‌ವರೆಗೂ ಹೋಗುತ್ತಲ್ಲ, ಬಗ್ಗೋ ಜಾಗದಲ್ಲಿ ಸವೆಯೋದು ಸಹಜ. ಕಾಯಿಲ್ ಕಡೆ ಆ ವೈರ್ ಬಿಡಿಸಿಟ್ಟು ಮತ್ತೆ ಕಿಡಿ ನೋಡಿ, ಬಂತು ಅಂದ್ರೆ ಕಾಯಿಲ್ ಸರಿ ಇದೆ, ಸ್ವಿಚ್ ಅಥವಾ ವೈರ್‌ದು ತಪ್ಪು. ವೈರ್ ಬಿಡಿಸಿಟ್ಟೇ ಪ್ಲಗ್ ವಾಪಸ್ ಹಾಕಿ ಎಳೆದು ಇಂಜಿನ್ ಓಡಿಬಿಟ್ರೆ ಸ್ವಿಚ್ಚಲ್ಲಿ ನಿಲ್ಲಲ್ಲ, ಚೋಕ್ ಹಾಕಿ ನಿಲ್ಲಿಸಬೇಕು, ಅದು ನೆನಪಿರಲಿ. ವೈರ್ ಬಿಡಿಸಿದ್ರೂ ಕಿಡಿ ಇಲ್ಲ ಅಂದ್ರೆ ಫ್ಲೈವೀಲ್ ಆಯಸ್ಕಾಂತಕ್ಕೂ ಕಾಯಿಲ್ ಕಾಲುಗಳಿಗೂ ನಡುವೆ ತುಕ್ಕು ಇದ್ರೆ ಎಮರಿ ಪೇಪರ್‌ನಲ್ಲಿ ತಿಕ್ಕಿ, ಗ್ಯಾಪ್ ಸರಿ ಮಾಡಿ. ಸುಮಾರು 0.3 ಮಿಲಿಮೀಟರ್, ಒಂದು ವಿಸಿಟಿಂಗ್ ಕಾರ್ಡ್ ನಡುವೆ ಇಟ್ಟು ಕಾಯಿಲ್ ಬೋಲ್ಟ್ ಬಿಗಿ ಮಾಡಿದ್ರೆ ಆಯ್ತು. ಇದಕ್ಕೂ ಬಗ್ಗಲಿಲ್ಲ ಅಂದ್ರೆ ಆಗ ಕಾಯಿಲ್.

ಈಗ ಇನ್ನೊಂದು ಕಡೆ, ಪ್ಲಗ್ ಒಣಗಿದೆ. ಎಷ್ಟು ಎಳೆದ್ರೂ ಒಂದು ಹನಿ ಪೆಟ್ರೋಲ್ ಸಿಲಿಂಡರ್‌ವರೆಗೆ ಬಂದಿಲ್ಲ. ಇಲ್ಲಿ ಖಾತ್ರಿ ಮಾಡ್ಕೊಳ್ಳೋಕೆ ಒಂದು ಸುಲಭ ಪರೀಕ್ಷೆ ಇದೆ, ಪ್ಲಗ್ ತೂತಿಗೆ ಆಯಿಲ್ ಬೆರೆಸಿದ ತಾಜಾ ಪೆಟ್ರೋಲ್ ಅರ್ಧ ಟೀ ಚಮಚದಷ್ಟು ಬಿಟ್ಟು, ಪ್ಲಗ್ ಹಾಕಿ, ಚೆಲ್ಲಿದ್ದನ್ನ ಒರೆಸಿ ಎಳೀರಿ. ಎರಡು ಮೂರು ಸೆಕೆಂಡ್ ಓಡಿ ನಿಂತ್ರೆ ಕಿಡಿ, ಕಂಪ್ರೆಷನ್ ಎರಡೂ ಕೆಲಸ ಮಾಡ್ತಿವೆ ಅಂತ ಒಂದೇ ಏಟಿಗೆ ಗೊತ್ತಾಯ್ತು, ತೊಂದರೆ ಟ್ಯಾಂಕಿಂದ ಕಾರ್ಬೊರೇಟರ್ ನಡುವೆ ಎಲ್ಲೋ ಇದೆ. ಸ್ಟಾರ್ಟಿಂಗ್ ಸ್ಪ್ರೇ ಹೊಡೆಯೋರಿದ್ದಾರೆ, ನನಗದು ಇಷ್ಟ ಇಲ್ಲ, ಅದರಲ್ಲಿ ಟೂ ಸ್ಟ್ರೋಕ್‌ಗೆ ಬೇಕಾದ ಆಯಿಲ್ ಇರಲ್ಲ, ಒಣ ಸಿಲಿಂಡರ್‌ನಲ್ಲಿ ಪಿಸ್ಟನ್ ಜೋರಾಗಿ ಓಡುತ್ತೆ.

ಪ್ರೈಮರ್ ಬಲ್ಬ್ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಅದು ಇಂಜಿನ್ ಒಳಗೆ ಪೆಟ್ರೋಲ್ ಚಿಮ್ಮಿಸುತ್ತೆ ಅಂತ ಜನ ಅಂದ್ಕೊಂಡಿರ್ತಾರೆ. ಬಹುತೇಕ ಬ್ರಷ್ ಕಟರ್‌ಗಳಲ್ಲಿ ಅದು ಮಾಡೋದು ಟ್ಯಾಂಕಿಂದ ಕಾರ್ಬೊರೇಟರ್ ಮೂಲಕ ಪೆಟ್ರೋಲ್ ಎಳೆದು, ಮಧ್ಯದ ಗಾಳಿನೆಲ್ಲ ಹೊರಹಾಕಿ, ಹೆಚ್ಚಾಗಿದ್ದನ್ನ ಇನ್ನೊಂದು ಪೈಪಲ್ಲಿ ಟ್ಯಾಂಕಿಗೇ ವಾಪಸ್ ಕಳಿಸೋದು. ಅದಕ್ಕೇ ಟ್ಯಾಂಕಿಂದ ಎರಡು ಪೈಪ್ ಹೊರಗೆ ಬರೋದು. ಬಲ್ಬ್ ಒತ್ತಿದಾಗ ಏನಾಗುತ್ತೆ ಅನ್ನೋದನ್ನ ನಿಧಾನಕ್ಕೆ ನೋಡಿದ್ರೆ ಅರ್ಧ ಉತ್ತರ ಅಲ್ಲೇ ಇದೆ. ಒತ್ತಿದ್ದು ಒಳಗೇ ಚಪ್ಪಟೆ ಆಗಿ ಎದ್ದು ಬರ್ತಿಲ್ಲ ಅಂದ್ರೆ ಎಳೆಯೋ ಕಡೆ ಕಟ್ಟಿಕೊಂಡಿದೆ, ಅಂದ್ರೆ ಫಿಲ್ಟರ್, ಪೈಪ್ ಅಥವಾ ಕಾರ್ಬೊರೇಟರ್ ಒಳಗಿನ ಜಾಲರಿ. ಸಲೀಸಾಗಿ ಎದ್ದು ಬರುತ್ತೆ ಆದ್ರೆ ಬರೀ ಗಾಳಿ ಗುಳ್ಳೆ, ಪೆಟ್ರೋಲ್ ತುಂಬ್ತಾನೇ ಇಲ್ಲ ಅಂದ್ರೆ ಎಲ್ಲೋ ಗಾಳಿ ಎಳೀತಿದೆ, ಪೈಪ್ ಸೀಳಿದೆ ಅಥವಾ ಬಲ್ಬೇ ಬಿರುಕು ಬಿಟ್ಟಿದೆ ಅಥವಾ ಯಾರೋ ಎರಡು ಪೈಪ್ ಅದಲು ಬದಲು ಹಾಕಿದ್ದಾರೆ. ಒತ್ತೋಕೇ ಗಟ್ಟಿ ಅನ್ನಿಸಿದ್ರೆ ವಾಪಸ್ ಹೋಗೋ ಪೈಪ್ ಬಂದ್ ಆಗಿದೆ. ಚೆನ್ನಾಗಿ ತುಂಬುತ್ತೆ, ಪೆಟ್ರೋಲ್ ಓಡಾಡೋದೂ ಕಾಣುತ್ತೆ, ಆದ್ರೂ ಪ್ಲಗ್ ಒಣ ಅಂದ್ರೆ ಮಾತ್ರ ಕಾರ್ಬೊರೇಟರ್ ಮೇಲೆ ಅನುಮಾನ ಗಟ್ಟಿ ಆಗೋದು.

ಟ್ಯಾಂಕ್ ಒಳಗಿನ ಫಿಲ್ಟರ್ ತೆಗೆಯೋಕೆ ತುದಿ ಬಗ್ಗಿಸಿದ ತಂತಿ ಸಾಕು, ಮುಚ್ಚಳದ ಬಾಯಿಂದ ಪೈಪ್ ಸಮೇತ ಮೇಲೆ ಎಳ್ಕೊಳ್ಳಿ. ಫಿಲ್ಟರ್ ತೆಗೆದು ಬಲ್ಬ್ ಒತ್ತಿದಾಗ ಪೆಟ್ರೋಲ್ ಬಂತು ಅಂದ್ರೆ ಫಿಲ್ಟರ್‌ದೇ ತಪ್ಪು, ಹೊಸದು ಹಾಕಿ, ಫಿಲ್ಟರ್ ಇಲ್ಲದೆ ಓಡಿಸಬೇಡಿ. ಪೈಪ್ ಕೈಲಿ ಬಗ್ಗಿಸಿ ನೋಡಿ, ಮೆತ್ತಗಿರಬೇಕು, ಕಡ್ಡಿ ಥರ ಸೆಟೆದು ಬಗ್ಗಿಸಿದ ಕಡೆ ಬಿರುಕು ಬಿಡ್ತಿದ್ರೆ ಕಾಲ ಮುಗಿದಿದೆ, ಅದರಲ್ಲೂ ಟ್ಯಾಂಕ್ ಒಳಗೆ ತೂರೋ ಜಾಗದಲ್ಲಿ ಕಣ್ಣಿಗೆ ಕಾಣದ ಹಾಗೆ ಸೀಳಿರುತ್ತೆ. ಇನ್ನು ಟ್ಯಾಂಕ್‌ಗೆ ಗಾಳಿ ಹೋಗೋ ಸಣ್ಣ ದಾರಿ ಒಂದಿರುತ್ತೆ, ಮುಚ್ಚಳದಲ್ಲೋ ಪಕ್ಕದಲ್ಲೋ. ಅದು ಮಣ್ಣಿಂದ ಮುಚ್ಚಿದ್ರೆ ಒಳಗೆ ನಿರ್ವಾತ ಆಗಿ ಪೆಟ್ರೋಲ್ ಬರೋದು ನಿಲ್ಲುತ್ತೆ. ಮುಚ್ಚಳ ಸಡಿಲ ಮಾಡಿದ ತಕ್ಷಣ "ಸ್ಸ್" ಅಂತ ಗಾಳಿ ಒಳಗೆ ನುಗ್ಗಿ ಮಷೀನ್ ಓಡೋಕೆ ಶುರು ಆದ್ರೆ ಅದೇ ತೊಂದರೆ.

ಕೊನೆಗೂ ಕಾರ್ಬೊರೇಟರ್. ಇದರಲ್ಲಿ ಬೈಕಿನ ಕಾರ್ಬೊರೇಟರ್ ಥರ ತೇಲೋ ಫ್ಲೋಟ್ ಇಲ್ಲ, ಯಾಕಂದ್ರೆ ಈ ಮಷೀನನ್ನ ಓರೆ, ಅಡ್ಡ, ಹೇಗೆ ಬೇಕಾದ್ರೂ ತಿರುಗಿಸ್ತೀವಿ. ಅದರ ಬದಲು ಎರಡು ತೆಳು ಪೊರೆಗಳಿವೆ. ಕ್ರ್ಯಾಂಕ್‌ಕೇಸ್‌ನಲ್ಲಿ ಪ್ರತಿ ಸುತ್ತಿಗೂ ಏರಿಳಿಯೋ ಒತ್ತಡ ಒಂದು ಸಣ್ಣ ತೂತಿನ ಮೂಲಕ ಬಂದು ಒಂದು ಪೊರೆಯನ್ನ ಬಡಿಯುತ್ತೆ, ಅದು ಪಂಪ್ ಆಗಿ ಟ್ಯಾಂಕಿಂದ ಪೆಟ್ರೋಲ್ ಎಳೆಯುತ್ತೆ. ಇನ್ನೊಂದು ಪೊರೆ ಮಧ್ಯದಲ್ಲಿ ಒಂದು ಸಣ್ಣ ಲಿವರ್ ಒತ್ತಿ ಸೂಜಿ ವಾಲ್ವ್ ತೆಗೆದು ಎಷ್ಟು ಬೇಕೋ ಅಷ್ಟೇ ಒಳಗೆ ಬಿಡುತ್ತೆ. ಪೊರೆಗಳು ಮೆತ್ತಗಿದ್ರೆ ಮಾತ್ರ ಇದೆಲ್ಲ ನಡೆಯೋದು, ಹಳೇ ಪೆಟ್ರೋಲ್ ಒಣಗಿ ಹಪ್ಪಳ ಆದ ಪೊರೆ ಅಲ್ಲಾಡಲ್ಲ, ಹೊರಗಿಂದ ಕಾರ್ಬೊರೇಟರ್ ಎಷ್ಟು ಫಳಫಳ ಅಂದ್ರೂ ಪ್ರಯೋಜನ ಇಲ್ಲ. ಅದಕ್ಕೇ ಬರೀ ಸ್ಪ್ರೇ ಹೊಡೆದು ತೊಳೆಯೋದು ಅರ್ಧ ಕೆಲಸ, ಪೊರೆ ಗ್ಯಾಸ್ಕೆಟ್ ಇರೋ ಕಿಟ್ ಹಾಕಬೇಕು. ಬಿಚ್ಚುವಾಗ ಪ್ರತಿ ಪದರಕ್ಕೂ ಫೋಟೋ ತೆಗೀರಿ, ಗ್ಯಾಸ್ಕೆಟ್ ಮೊದಲೋ ಪೊರೆ ಮೊದಲೋ ಅನ್ನೋದು ಎರಡು ಕಡೆ ಬೇರೆ ಬೇರೆ ಇರುತ್ತೆ, ಅದಲು ಬದಲು ಆದ್ರೆ ಮಷೀನ್ ಸತ್ತರೂ ಸ್ಟಾರ್ಟ್ ಆಗಲ್ಲ. ಒಳಗಿರೋ ಬೆರಳುಗುರಿನಷ್ಟು ಜಾಲರಿ ಮರೀಬೇಡಿ, ಕಸ ನಿಲ್ಲೋದು ಅಲ್ಲೇ. ಕಂಪ್ರೆಸರ್ ಗಾಳಿ ಹೊಡೆಯೋದಾದ್ರೆ ಪೊರೆಗಳನ್ನೆಲ್ಲ ತೆಗೆದ ಮೇಲೆ. ಪೆಟ್ರೋಲ್ ಪ್ರಮಾಣ ಹೊಂದಿಸೋ, ಎಲ್ ಮತ್ತೆ ಎಚ್ ಅಂತ ಬರೆದಿರೋ ಸ್ಕ್ರೂ ತೆಗೆಯೋ ಮುಂಚೆ ನಿಧಾನಕ್ಕೆ ಒಳಗೆ ಮುಟ್ಟೋವರೆಗೆ ತಿರುಗಿಸಿ ಎಷ್ಟು ಸುತ್ತು ಆಯ್ತು ಅಂತ ಬರೆದಿಟ್ಕೊಳ್ಳಿ, ವಾಪಸ್ ಅಷ್ಟೇ ಬಿಡಬೇಕಲ್ಲ. ಹೊಸ ಕಾರ್ಬೊರೇಟರ್ರೇ ಹಾಕಿಬಿಡ್ತೀನಿ ಅಂದ್ರೂ ತಪ್ಪಿಲ್ಲ, ಆದ್ರೆ ಸೀಳಿದ ಪೈಪು, ಹಳೇ ಪೆಟ್ರೋಲು ಹಾಗೇ ಬಿಟ್ಟು ಹೊಸದು ಹಾಕಿದ್ರೆ ಅದೂ ಅದೇ ದಾರಿ ಹಿಡಿಯುತ್ತೆ.

ಪೆಟ್ರೋಲೂ ಇದೆ, ಕಿಡೀನೂ ಇದೆ, ಆದ್ರೂ ಇಲ್ಲ ಅಂದ್ರೆ ಸೈಲೆನ್ಸರ್ ನೋಡಿ. ಅದರ ಬಾಯಲ್ಲಿ ಕಿಡಿ ಹೊರಗೆ ಹಾರದ ಹಾಗೆ ತಡೆಯೋ ಸಣ್ಣ ಜಾಲರಿ ಇರುತ್ತೆ, ಕಾರ್ಬನ್ ಮೆತ್ತಿಕೊಂಡು ಪೂರ್ತಿ ಮುಚ್ಚಿರಬಹುದು, ತಂತಿ ಬ್ರಷ್‌ನಲ್ಲಿ ಉಜ್ಜಿದ್ರೆ ಸಾಕು. ಸೈಲೆನ್ಸರ್ ಬಿಚ್ಚಿದ್ದೇ ಆದ್ರೆ ಒಂದು ಒಳ್ಳೇ ಅವಕಾಶ, ಸಿಲಿಂಡರ್‌ನ ಆ ಕಿಂಡಿಯಿಂದ ಟಾರ್ಚ್ ಬಿಟ್ಟು ಪಿಸ್ಟನ್ ಪಕ್ಕ ನೋಡಬಹುದು. ಹಗ್ಗ ನಿಧಾನಕ್ಕೆ ಎಳೆದು ಪಿಸ್ಟನ್ ಮೇಲೆ ಕೆಳಗೆ ಮಾಡಿ. ನಯವಾಗಿ, ಒಂದೇ ಸಮ ಹೊಳೀತಿದ್ರೆ ನಿಶ್ಚಿಂತೆ. ಉದ್ದುದ್ದ ಗೀರು ಬಿದ್ದಿದ್ರೆ ಆಯಿಲ್ ಕಮ್ಮಿ ಹಾಕಿ ಓಡಿಸಿದ್ದಾರೆ ಅಥವಾ ಎಲ್ಲಿಂದಲೋ ಗಾಳಿ ಎಳ್ಕೊಂಡು ಇಂಜಿನ್ ಬಿಸಿ ಆಗಿ ಪಿಸ್ಟನ್ ಕಚ್ಚಿಕೊಂಡಿದೆ. ಆಗಲೇ ಹೇಳಿದ ದುಬಾರಿ ಕಥೆ ಇದೇ. ಕಂಪ್ರೆಷನ್ ಅಳೆಯೋಕೆ ಗೇಜ್ ಇದ್ರೆ ಒಳ್ಳೇದು, ಈ ಗಾತ್ರದ ಇಂಜಿನ್‌ಗೆ ಸುಮಾರು 90 ಪಿಎಸ್ಐ ಕೆಳಗೆ ಬಂದ್ರೆ ಸ್ಟಾರ್ಟ್ ಆಗೋದು ಕಷ್ಟ. ಗೇಜ್ ಇಲ್ಲ ಅಂದ್ರೆ ಪ್ಲಗ್ ಹಾಕಿ ಸ್ವಿಚ್ ಆಫ್ ಮಾಡಿ ನಿಧಾನಕ್ಕೆ ಹಗ್ಗ ಎಳೀರಿ, ಪ್ರತಿ ಸುತ್ತಲ್ಲೂ ಒಂದು ಕಡೆ ತಡೆದು ಆಮೇಲೆ ಬಿಡೋದು ಕೈಗೆ ಗೊತ್ತಾಗಬೇಕು. ಪ್ಲಗ್ ಇದ್ದಾಗಲೂ ಇಲ್ಲದಾಗಲೂ ಹಗ್ಗ ಒಂದೇ ಥರ ಬರ್ತಿದ್ರೆ ಪಿಸ್ಟನ್ ರಿಂಗ್ ಹೋಗಿದೆ ಇಲ್ಲಾ ಸಿಲಿಂಡರ್ ಸವೆದಿದೆ, ಅದಕ್ಕೆ ಸಿಲಿಂಡರ್ ಕಿಟ್ ಹಾಕಿಸೋದಾ ಅಥವಾ ಮಷೀನ್ನೇ ಬಿಡೋದಾ ಅಂತ ಲೆಕ್ಕ ಹಾಕಿ. ಹಗ್ಗ ಬರೋದೇ ಇಲ್ಲ ಅಂದ್ರೆ ಪ್ಲಗ್ ತೆಗೆದು ಎಳೆದು ನೋಡಿ, ಆಗ ಬಂದ್ರೆ ಒಳಗೆ ಪೆಟ್ರೋಲ್ ತುಂಬಿತ್ತು ಅಷ್ಟೇ.

ಇನ್ನೊಂದು ಜಾತಿ ಇದೆ, ಬೆಳಿಗ್ಗೆ ಒಂದೇ ಎಳೆತಕ್ಕೆ ಏಳುತ್ತೆ, ಅರ್ಧ ಗಂಟೆ ಚೆನ್ನಾಗಿ ಕೆಲಸ ಮಾಡಿ ನಿಲ್ಲುತ್ತೆ, ಆಮೇಲೆ ಏನು ಮಾಡಿದ್ರೂ ಏಳಲ್ಲ, ಊಟ ಮುಗಿಸಿ ಬಂದ್ರೆ ಮತ್ತೆ ಏಳುತ್ತೆ. ಇದರಲ್ಲಿ ಟ್ಯಾಂಕ್ ಮುಚ್ಚಳದ ಗಾಳಿ ದಾರಿ ಮೊದಲ ಅನುಮಾನ, ಅದು ಸರಿ ಇದ್ರೆ ಕಾಯಿಲ್. ಬಿಸಿ ಆದಾಗ ಕಾಯಿಲ್ ಒಳಗಿನ ಸಂಪರ್ಕ ಬಿಟ್ಟು ಹೋಗಿ ತಣ್ಣಗಾದ್ರೆ ಮತ್ತೆ ಕೂಡುತ್ತೆ. ಈ ಥರದ್ದನ್ನ ನಿಂತ ಆ ಕ್ಷಣದಲ್ಲೇ, ಗ್ಲೌಸ್ ಹಾಕ್ಕೊಂಡು, ಬಿಸಿ ಸೈಲೆನ್ಸರ್‌ಗೆ ಕೈ ತಾಗದ ಹಾಗೆ, ತೂತಿಂದ ದೂರ ಹಿಡಿದು ಕಿಡಿ ನೋಡ್ಬೇಕು. ಸಂಜೆ ಮನೆಗೆ ತಂದು ಆರಾಮಾಗಿ ಟೆಸ್ಟ್ ಮಾಡಿದ್ರೆ ಎಲ್ಲಾ ಸರಿ ಇದೆ ಅಂತಲೇ ತೋರಿಸುತ್ತೆ.